ಮುಟ್ಟಿ ಬಿಡ್ರಿ

ಮುನಿರಾಬಾದಿನ ಸ್ಟೇಷನ್ ರೋಡಿಗೆ ನನ್ನ ರಿಚಾರ್ಜ್ ಅಂಗಡಿ.
ಒಂದು ಟೇಬಲ್ಲು, ಎರಡು ಸ್ಟೂಲು;
ಕುಂಟುವ ಸ್ಟೂಲೇ ಬೇಕು ಹುಲುಗಪ್ಪ ಕಾಕಾಗೆ.
ಡ್ಯಾಮಿನ ಗೇಟ್ ಖಲಾಸಿ. ರಿಟೈರಾಗಿ ಹದಿನೇಳು ವರ್ಷ.
ಸಿಂಧನೂರಿನ ಮಗಳು ಕೊಡಿಸಿದ ಫೋನನ್ನು
ಟವೆಲಿನಲ್ಲಿ ಸುತ್ತಿಕೊಂಡು ಬಂದರು:
‘ತಂಗಿ, ವಿಡಿಯೋ ನೋಡೂದು ಕಲಸು.’

ಮೊದಲ ದಿನವೇ ಜಗಳ.
ಹೆಬ್ಬೆರಳನ್ನು ಗಾಜಿಗೆ ಊರಿದರೆ ತೆಗೆಯುವುದೇ ಇಲ್ಲ.
‘ಒತ್ತಿ ಹಿಡೀಬ್ಯಾಡ್ರಿ ಕಾಕಾ, ಮುಟ್ಟಿ ಬಿಡ್ರಿ.’
‘ಮುಟ್ಟಿ ಬಿಟ್ರ ಯಾವ ಗೇಟು ಏಳತೈತೆವಾ?
ಒಂದಡಿ ಎತ್ತಾಕ ಇಷ್ಟೊತ್ತು ಹಿಡೀಬೇಕು’
ಎಂದು ಉಸಿರು ಬಿಗಿಹಿಡಿದು ತೋರಿಸಿದರು.
ಕಾಯುತ್ತ ಕೂತೆ. ಅಷ್ಟರಲ್ಲಿ ಒಬ್ಬ ಗಿರಾಕಿ
ಚಿಲ್ಲರೆ ಕೇಳಿ, ಇಸಕೊಂಡು, ಎಣಿಸಿಕೊಂಡು ಹೋದ.

ಗ್ರೀಸು ಕುಡಿದು ಕುಡಿದು ತೊಗಲಾದ ಬೆರಳು,
ಗೆರೆಯೇ ಇಲ್ಲ. ರೇಷನ್ ಅಂಗಡಿಯ ಮಶಿನ್ನು
ಇವರನ್ನು ಇವರಲ್ಲ ಎಂದಿತ್ತಂತೆ.
ಚಹಾ ಲೋಟದ ತಳದ ಹಸಿಗೆ ತಾಗಿಸಿ
ಅಂಗಿಗೆ ಒರೆಸಿ ಮತ್ತೆ ಮುಟ್ಟಿಸಿದೆ. ಎದ್ದಿತು.

ಮೈಕು ತೋರಿಸಿದೆ. ‘ಡ್ಯಾಮ’ ಅಂದರು.
ಫೋನಿಗೆ ‘ಡ್ಯಾನ್ಸ್’ ಅಂತ ಕೇಳಿಸಿತು.
ಹಸಿರು ಲಂಗದ ಹುಡುಗಿಯೊಬ್ಬಳು ಕುಣಿದಳು.
ಕಾಕಾ ಎರಡೂ ಕಣ್ಣು ಮುಚ್ಚಿದರು,
ಆಮೇಲೆ ಒಂದು ತೆರೆದರು.

ನಡುವೆ ಬಂಗಾರದ ಸಾಲದ ಜಾಹೀರಾತು.
‘ನಾ ಏನರ ಕೆಡಿಸಿದೆನೇನು?’
‘ಇಲ್ರಿ. ಐದು ಎಣಿಸಿ ಮೂಲ್ಯಾಗ ಮುಟ್ರಿ.’
ಮೂರಕ್ಕೇ ಮುಟ್ಟಿ
ಸಾಲದ ಆಫೀಸಿನ ಒಳಗೇ ಹೋಗಿಬಿಟ್ಟೆವು.
ಹೊರಬರುವ ಬಾಣ ತೋರಿಸಿದೆ.
ಅದೊಂದನ್ನು ಯಾವತ್ತೂ ಮರೆತಿಲ್ಲ.

ನಾಲ್ಕನೇ ಸಂಜೆ ಸಿಕ್ಕಿತು. ಯಾರೋ ಹುಡುಗರು
ಡ್ರೋನು ಹಾರಿಸಿ ಹಿಡಿದದ್ದು.
ಕೆಳಗಿನ ಅಂಕಿಯನ್ನು ಬೆರಳಿಟ್ಟು ಓದಿದರು:
‘ಎಂಟು ಲಕ್ಷ ನಾಲ್ವತ್ತು ಸಾವಿರ.
ಸುಳ್ಳು! ಇಷ್ಟು ಕ್ಯೂಸೆಕ್ಸ್ ನಾವು ಎಂದೂ ಬಿಟ್ಟಿಲ್ಲ.’
‘ಅದು ನೀರಲ್ರಿ ಕಾಕಾ. ನೋಡಿದ ಮಂದಿ.’

ಆಮೇಲೆ ಮಾತಿಲ್ಲ.
ಮೂವತ್ಮೂರೂ ಗೇಟು ಎದ್ದಿದ್ದವು.
ಸುಣ್ಣದ ನೀರನ್ನು ಯಾರೋ ಗೋಡೆಗೆ ಎರಚುತ್ತಲೇ ಇದ್ದಂತೆ
ಬಿಳಿ, ಅದರ ಹಿಂದೆ ಇನ್ನೂ ಬಿಳಿ,
ಕಾಮನಬಿಲ್ಲಿನ ಒಂದು ತುಂಡು.
‘ನಾ ಇದನ್ನ ನೋಡೇ ಇಲ್ಲ’ ಅಂದರು.
ನನಗೆ ನಗು ಬಂತು. ಮೂವತ್ತೊಂದು ಮಳೆಗಾಲ ಎತ್ತಿದವರು!
‘ಮ್ಯಾಲ ಇರತಿದ್ದೆ. ಕಾಲ ಕೆಳಗ ನಡುಗೂದು ಗೊತ್ತಿತ್ತು,
ಸಪ್ಪಳ ಗೊತ್ತಿತ್ತು.
ಮಂದಿ ನೋಡಾಕ ಬಂದ ದಿನ
ನನಗ ಸೂಟಿ ಇರತಿದ್ದಿಲ್ಲ.’

ಅದು ಮುಗಿದು ತಾನೇ ಇನ್ನೊಂದು ಶುರುವಾಯಿತು:
ಎಲ್ಲಿಯದೋ ಹೊಳೆ, ಯಾವುದೋ ಸೇತುವೆ ಕೊಚ್ಚಿಹೋಗುತ್ತಿತ್ತು.
‘ಬಂದ್ ಮಾಡು, ಕೆಳಗ ಊರದಾವ!’
ಹೆಬ್ಬೆರಳನ್ನು ಊರಿ ಹಿಡಿದರು, ಉಸಿರು ಕಟ್ಟಿ.
ಹಾಗೆ ಹಿಡಿದರೆ ಎರಡು ಪಟ್ಟು ಓಡುತ್ತದೆ ವಿಡಿಯೋ;
ಸೇತುವೆ ಇನ್ನೂ ಬೇಗ ಹೋಯಿತು.
ಮುಟ್ಟಿ ಬಿಡ್ರಿ ಅನ್ನಲು
ನನಗೆ ಬಾಯಿ ಬರಲಿಲ್ಲ.

ಬಾಣ ಮುಟ್ಟಿ ತಾವೇ ವಾಪಸು ಬಂದರು.
‘ಇಲ್ಲಿ ನಿಲ್ಲಸು.’
ಎರಡು ಗೀಟಿನ ಗುರುತು ತೋರಿಸಿದೆ.
ಬೀಳುವ ನೀರು ಅರ್ಧಕ್ಕೇ ನಿಂತಿತು.
ಎರಡು ಬೆರಳಿಂದ ಹಿಗ್ಗಿಸಿದೆ:
ಗೇಟಿನ ಮೇಲೆ, ಕಂಬಿಯ ಪಕ್ಕ, ರೇನ್‌ಕೋಟಿನ ಹಳದಿ ಚುಕ್ಕೆ.
ಇನ್ನೂ ಹಿಗ್ಗಿಸಿದರೆ ನಾಲ್ಕು ಚೌಕವಾಗಿ ಒಡೆಯಿತು.

‘ಈಗಿನ ಹುಡುಗ ಇರಬೇಕು. ಗುತ್ತಿಗಿ ಮ್ಯಾಲಿನಂವ.’
ಚಹಾ ಆರಿತ್ತು. ಹಾಗೇ ಕುಡಿದರು.
‘ಅಂವಗ ಇದನ್ನ ಯಾರರ ತೋರಿಸ್ಯಾರೇನು?’

ವಾಪಸು ಬರುವ ಬಾಣ ಬೇರೆ, ಕಳಿಸುವ ಬಾಣ ಬೇರೆ;
ಅದನ್ನು ನಾಳೆ ಕಲಿಸಬೇಕು.
ನಂಬರು ಮಾತ್ರ
ಇಬ್ಬರ ಹತ್ತಿರವೂ ಇಲ್ಲ.